ಕೊಯ್ಯಬಾರದ ಹುಲ್ಲು

ನನ್ನ ಗಂಡನನ್ನು ಊರಿನವರು ಗೆರೆಯಣ್ಣ ಅನ್ನುತ್ತಾರೆ. ಅವನು ಉತ್ತ ಸಾಲು ಸ್ಕೇಲು ಇಟ್ಟು ಎಳೆದ ಹಾಗಿರುತ್ತದೆ, ಅದಕ್ಕೆ. ಟ್ರ್ಯಾಕ್ಟರ್ ಹತ್ತಿ ಹೊಲದ ಆ ತುದಿಯ ಕಂಬದ ಮೇಲೆ ಕಣ್ಣು ನೆಟ್ಟನೆಂದರೆ ಇತ್ತ ಮನೆಗೆ ಬೆಂಕಿ ಬಿದ್ದರೂ ತಿರುಗಿ ನೋಡುವವನಲ್ಲ. ಸೌದೆ ಒಟ್ಟಿದರೂ ತುದಿಗಳೆಲ್ಲ ಒಂದೇ ಸಮ ಇರಬೇಕು. ನಾನು ತಂತಿಯ ಮೇಲೆ ಟವೆಲ್ಲು ಸೊಟ್ಟಗೆ ಹರವಿದರೆ ಹಿಂದೆಯೇ ಬಂದು ನೆಟ್ಟಗೆ ಮಾಡಿ ಹೋಗುತ್ತಾನೆ. ಎದುರಿಗೆ ನಾನು ‘ರೀ’, ‘ನೀವು’ ಅಂತಲೇ ಕರೆಯುವುದು. ಈ ಕಥೆ ಹೇಳುವಾಗ ಮಾತ್ರ ಬಾಯಿಗೆ ‘ಅವನು’ ಎಂದೇ ಬರುತ್ತದೆ. ಕೋಪ ಇನ್ನೂ ಇಳಿದಿಲ್ಲ.

ಕೋಪ ಅರ್ಧ ಅವನ ಮೇಲೆ, ಇನ್ನರ್ಧ ನನ್ನ ವಾರಗಿತ್ತಿಯ ಮೇಲೆ. ಇರುವುದು ಒಂದೇ ಮನೆ. ಮಧ್ಯೆ ಗೋಡೆ ಎಬ್ಬಿಸಿ ಎರಡು ಬಾಗಿಲು ಮಾಡಿಕೊಂಡಿದ್ದೇವೆ. ಅಂಗಳ ಒಂದೇ, ನಲ್ಲಿ ಒಂದೇ, ಬಟ್ಟೆ ಹರವುವ ತಂತಿಯೂ ಒಂದೇ. ಜಗಳಕ್ಕೆ ಇಷ್ಟು ಸಾಕು. ನನ್ನ ಮೈದುನ ಲಾರಿ ಓಡಿಸುತ್ತಾನೆ. ಯಾವಾಗಲೋ ಬರುತ್ತಾನೆ, ಮಲಗುತ್ತಾನೆ, ಎದ್ದು ಹೋಗುತ್ತಾನೆ. ಲಾರಿ ಕೊಳ್ಳುವಾಗ ತನ್ನ ಪಾಲಿನ ಹೊಲವನ್ನೆಲ್ಲ ಅಣ್ಣನಿಗೆ ಬರೆದುಕೊಟ್ಟು ದುಡ್ಡು ಇಸಿದುಕೊಂಡ. ಆದರೂ ಹಳ್ಳದ ದಂಡೆಗೆ ಉದ್ದಕ್ಕೆ ಚಾಚಿಕೊಂಡಿರುವ ಕರಿಮಣ್ಣಿನ ತುಂಡೊಂದನ್ನು ಅವನ ಹೆಂಡತಿಯೇ ಮಾಡಿಕೊಂಡು ಬರುತ್ತಿದ್ದಳು. ನಾವು ಬೇಡ ಅನ್ನಲಿಲ್ಲ. ಕ್ಯಾರೆಟ್ಟು, ಎಲೆಕೋಸು, ಈರುಳ್ಳಿ ಬೆಳೆದು ಪೇಟೆಗೆ ಒಯ್ದು ಮಾರುತ್ತಿದ್ದಳು. ತನ್ನ ಕ್ಯಾರೆಟ್ ತಿಂದವರ ನಾಲಿಗೆಗೆ ಬೇರೆ ಕ್ಯಾರೆಟ್ ಹತ್ತುವುದಿಲ್ಲ ಎಂದು ತಾನೇ ಹೇಳಿಕೊಂಡು ತಿರುಗುತ್ತಿದ್ದಳು. ನನಗೆ ಅವಳನ್ನು ಕಂಡರಾಗದು, ಆದರೆ ಸುಳ್ಳು ಹೇಳಲಾರೆ, ಕ್ಯಾರೆಟ್ ಚೆನ್ನಾಗಿಯೇ ಇರುತ್ತಿತ್ತು.

ಆಮೇಲೆ ಸರ್ಕಾರದ ಆ ಯೋಜನೆ ಬಂತು. ಹೊಲದ ಗೊಬ್ಬರ, ಔಷಧಿ ಹಳ್ಳದ ನೀರಿಗೆ ಇಳಿಯಬಾರದಂತೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಜಾಗ ಬೇಕಂತೆ. ಹಳ್ಳದ ದಂಡೆಯ ಹೊಲವನ್ನು ಏಳು ವರ್ಷ ಹಾಗೇ ಬಿಟ್ಟರೆ ವರ್ಷವರ್ಷ ಸಬ್ಸಿಡಿ. ನೇಗಿಲು ಇಳಿಸಬಾರದು, ಔಷಧಿ ಹೊಡೆಯಬಾರದು, ಒಂದೆಳೆ ಹುಲ್ಲು ಕೊಯ್ಯಬಾರದು. ಏನೂ ಮಾಡದೆ ಕೂತರೆ ದುಡ್ಡು ಕೊಡುತ್ತಾರೆ ಎಂದರೆ ಯಾರು ಬಿಡುತ್ತಾರೆ? ನನ್ನ ಗಂಡ ಹೋಗಿ ಸಹಿ ಹಾಕಿ ಬಂದ.

ವಾರಗಿತ್ತಿ ಕೈಯ ಮಣ್ಣನ್ನೂ ತೊಳೆಯದೆ ನಮ್ಮ ಅಡುಗೆಮನೆಗೆ ಬಂದು ನಿಂತಳು.

“ಬೇರೆ ಯಾವುದಾದ್ರೂ ತುಂಡು ಬಿಡಬಹುದಿತ್ತಲ್ಲ ಭಾವ? ಗುಡ್ಡದ ಕಡೇದು ಬಿಡಿ, ಅಲ್ಲಿ ಏನೂ ಬೆಳೆಯಲ್ಲ.”

“ಹಳ್ಳದ ಪಕ್ಕದ್ದಕ್ಕೇ ಕೊಡೋದಮ್ಮ ಅವರು,” ಎಂದು ಇವನು ಮೇಜಿನ ಮೇಲಿದ್ದ ಚಮಚವನ್ನು ಅಂಚಿಗೆ ಸಮನಾಗಿ ತಿರುಗಿಸಿಟ್ಟ.

“ಹಾಗಾದ್ರೆ ನಾನೇನು ಮಾಡ್ಲಿ?”

ಅವನು ಚಮಚ ಬಿಟ್ಟು ಉಪ್ಪಿನ ಡಬ್ಬಿಗೆ ಕೈ ಹಾಕಿದ. ನಾನೇ ಹೇಳಿದೆ: “ಹೊಲ ಯಾರ ಹೆಸರಲ್ಲಿದೆಯೋ ಅವರಿಷ್ಟ ಕಣೇ. ನಿನ್ನ ಗಂಡ ಲಾರಿ ತಗೊಂಡಾಗ ನಾವು ಕೇಳಿದ್ವಾ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದಳು. ನೆಲದ ಮೇಲೆ ಬಿದ್ದ ಮಣ್ಣನ್ನು ನಾನೇ ಗುಡಿಸಿದೆ. ಮುಂದಿನ ವಾರ ಅವಳು ಪೇಟೆಯ ಹಾದಿಯಲ್ಲಿರುವ ಶೀತಲಗೃಹಕ್ಕೆ ಕೆಲಸಕ್ಕೆ ಸೇರಿದಳೆಂದು ಗೊತ್ತಾಯಿತು. ಅಲ್ಲಿ ದಿನವಿಡೀ ಬೆಲ್ಟಿನ ಮೇಲೆ ಹರಿದು ಬರುವ ಕ್ಯಾರೆಟ್‌ಗಳಲ್ಲಿ ಒಡೆದದ್ದು, ಡೊಂಕಾದದ್ದು ಆರಿಸಿ ಎಸೆಯುವ ಕೆಲಸ. ಯಾರದೋ ಹೊಲದ ಕ್ಯಾರೆಟ್ಟು. ಸಂಜೆ ವ್ಯಾನ್ ಇಳಿದು ಬರುವಾಗ ಬೆರಳುಗಳು ಥಂಡಿಗೆ ಕೆಂಪೇರಿರುತ್ತಿದ್ದವು. ನಲ್ಲಿಯ ಹತ್ತಿರ ನಿಂತು, ನಮ್ಮ ಅಡುಗೆಮನೆ ಕಿಟಕಿಗೆ ಕಾಣುವ ಹಾಗೇ, ಒಂದೊಂದೇ ಬೆರಳು ತಿಕ್ಕಿಕೊಳ್ಳುತ್ತಿದ್ದಳು. ನಾನು ಕಿಟಕಿ ಹಾಕಿಕೊಳ್ಳುತ್ತಿದ್ದೆ.

ದಂಡೆ ಹೊಲ ಮೊದಲ ವರ್ಷ ಬರೀ ಹುಲ್ಲು. ಎರಡನೆಯ ವರ್ಷ ಮುಳ್ಳುಗಿಡ ಎದ್ದಿತು. ಆಮೇಲೆ ಹೆಸರು ಗೊತ್ತಿರುವ, ಇಲ್ಲದಿರುವ ಸಕಲ ಕಳೆಯೂ ಎದೆಯುದ್ದ ಬೆಳೆದು, ಗಾಳಿ ಬಂದಾಗ ಅದರ ಹತ್ತಿಯಂಥ ಬೀಜ ಹಾರಿ ಇವನ ಗೋಧಿಯ ಮೇಲೆ ಬಂದು ಕೂತಿತು. ಗೆರೆಯಣ್ಣನಿಗೆ ಮೈ ಪರಚಿಕೊಳ್ಳುವ ಹಾಗಾಯಿತು. ಬೆಳಗ್ಗೆ ಟೀ ಲೋಟ ಹಿಡಿದು ಹಿತ್ತಲ ಬಾಗಿಲಲ್ಲಿ ನಿಲ್ಲುವುದು ಅವನ ಅಭ್ಯಾಸ. ಈ ಹೊಲ ಕಣ್ಣಿಗೆ ಬೀಳಬಾರದೆಂದು ಮುಂಬಾಗಿಲಿಗೆ ಬಂದು ನಿಲ್ಲತೊಡಗಿದ. ಸಬ್ಸಿಡಿ ಬಂದ ದಿನ ಮಾತ್ರ ಸ್ವಲ್ಪ ನಗುತ್ತಿದ್ದ.

ಹೋದ ವರ್ಷ ಒಂದು ದಿನ ಊಟ ಮಾಡುತ್ತ ಅಂದ: “ಒಪ್ಪಂದ ಮುಗಿದ್ಮೇಲೆ ಆ ಹೊಲ ಅವಳಿಗೇ ಬಿಟ್ಟುಬಿಡೋಣ. ಏಳು ವರ್ಷ ಸುಮ್ಮನೆ ಬಿದ್ದಿರೋ ಮಣ್ಣು, ಕ್ಯಾರೆಟ್ ಹೇಗೆ ಬರುತ್ತೆ ನೋಡು. ಅವಳಿಗೆ ಈಗ್ಲೇ ಒಂದು ಮಾತು ಹೇಳ್ತೀನಿ.”

“ಈಗ್ಲೇ ಬೇಡ,” ಎಂದೆ ನಾನು. “ಈಗ್ಲೇ ಹೇಳಿದ್ರೆ ತಲೆ ಮೇಲೆ ಕೂತ್ಕೋತಾಳೆ. ಮುಗೀಲಿ, ಆಮೇಲೆ ಹೇಳಿದ್ರಾಯ್ತು.”

ಅವನು ಹೂಂ ಎಂದ. ನನ್ನ ಮಾತನ್ನು ಅವನು ಕಿವಿಯ ಮೇಲೆ ಹಾಕಿಕೊಳ್ಳುವುದು ಅಪರೂಪ. ಅವತ್ತು ಹಾಕಿಕೊಂಡ.

ಅಷ್ಟು ಹೊತ್ತಿಗೆ ವಾರಗಿತ್ತಿ ಮಾತು ಬಿಟ್ಟಿದ್ದವಳು ಮತ್ತೆ ಮಾತಾಡತೊಡಗಿದ್ದಳು. ಬಾಯಿ ಬಿಡದಿದ್ದಾಗಲೇ ವಾಸಿ ಇತ್ತು. ತಂತಿಯ ಮೇಲೆ ಬಟ್ಟೆ ಹರವುತ್ತ ಅಲ್ಲಿಂದಲೇ, “ಭಾವ, ನಿಮ್ಮ ಮುಳ್ಳುಗಿಡ ಹೂ ಬಿಟ್ಟಿದೆ, ಎಷ್ಟು ಚೆನ್ನಾಗಿದೆ!” ಅನ್ನುವಳು. ಇವನು ಹಲ್ಲು ಕಡಿದುಕೊಂಡು ಒಳಗೆ ಬರುವನು. ಇನ್ನೊಂದು ದಿನ ಹಾಲಿನ ವ್ಯಾನಿನವನು ಕ್ಯಾನು ಎತ್ತುತ್ತ, “ಯಜಮಾನ್ರು ಹುಷಾರಾಗಿದ್ದಾರಲ್ವಾ? ಹಳ್ಳದ ಕಡೆ ಹೊಲ ನೋಡಿ ಮನೇಲಿ ಏನೋ ಆಗಿದೆ ಅಂದ್ಕೊಂಡೆ,” ಎಂದ. ಆ ವ್ಯಾನಿನವನು ದಿನಾ ಬೆಳಗ್ಗೆ ನಮ್ಮಲ್ಲಿಗೆ ಬರುವ ಮೊದಲು ಅವಳ ಬಾಗಿಲಲ್ಲಿ ನಿಂತು ಹರಟುತ್ತಾನೆ. ಈ ಮಾತು ಎಲ್ಲಿ ಹುಟ್ಟಿತು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅವಳು ಬೇಕಂತಲೇ ನಿಮ್ಮ ತಲೆಗೆ ಹುಳ ಬಿಡ್ತಿದ್ದಾಳೆ ರೀ,” ಎಂದೆ ಇವನಿಗೆ. “ನೀವು ಕೊಯ್ದುಬಿಟ್ಟು ಸಬ್ಸಿಡಿ ಹೋಗ್ಲಿ ಅಂತ ಕಾಯ್ತಿದ್ದಾಳೆ. ಆಮೇಲೆ ಹೊಲ ತನಗೇ ಬರುತ್ತೆ ಅಂತ.”

“ನಾನೇನು ಚಿಕ್ಕ ಮಗುನಾ?” ಎಂದ.

ಒಪ್ಪಂದಕ್ಕೆ ಇನ್ನೊಂದೇ ವರ್ಷ ಉಳಿದಿದ್ದಾಗ ಇಲಾಖೆಯಿಂದ ಫೋನ್ ಬಂತು. ಇಷ್ಟು ವರ್ಷ ಇಲಾಖೆಯ ಮೇಡಂ ಹೇಳದೆ ಕೇಳದೆ ಬಂದು, ರಸ್ತೆಯಲ್ಲಿ ಕಾರು ನಿಲ್ಲಿಸಿ, ಅಲ್ಲಿಂದಲೇ ಫೋಟೊ ಹೊಡೆದುಕೊಂಡು ಹೋಗುತ್ತಿದ್ದರು. ಈ ಸಲ ನಾಳೆ ಬರುತ್ತೇವೆ, ಹೊಲದೊಳಗೆ ನಡೆದು ನೋಡುತ್ತೇವೆ, ಮನೆಯವರು ಇರಬೇಕು ಎಂದರು. ಅಷ್ಟೇ ಹೇಳಿದ್ದು. ನಮ್ಮ ಕಿವಿಗೆ ಮಾತ್ರ ಮನೆಗೆ ಬರುತ್ತೇವೆ ಎಂದ ಹಾಗೆ ಕೇಳಿಸಿತು. ಮನೆಗೆ ಯಾರಾದರೂ ಬರುತ್ತಾರೆ ಎಂದರೆ ನಮ್ಮ ಕೈಕಾಲು ನಿಲ್ಲುವುದಿಲ್ಲ. ಬರುವವರು ಹಕ್ಕಿ ನೋಡಲು ಬರುತ್ತಾರೋ ಹೆಣ್ಣು ನೋಡಲು ಬರುತ್ತಾರೋ, ನಮಗೆಲ್ಲ ಒಂದೇ.

ಮರುದಿನ ಬೆಳಗ್ಗೆ ನಾನು ಏಳುವಷ್ಟರಲ್ಲಿ ವಾರಗಿತ್ತಿ ಸೆರಗು ಕಟ್ಟಿ ಅಂಗಳಕ್ಕೆ ಇಳಿದಿದ್ದಳು. ಕೆಲಸಕ್ಕೆ ರಜೆ ಹಾಕಿದ್ದಳಂತೆ. ಕಲ್ಲುಹಾಸನ್ನು ಬ್ರಷ್ ಹಾಕಿ ಉಜ್ಜಿದಳು. ಟ್ರ್ಯಾಕ್ಟರನ್ನು ಪೈಪ್ ಹಿಡಿದು ತೊಳೆದಳು. ನಲ್ಲಿಯ ಸುತ್ತಲಿನ ಪಾಚಿ ಕೆರೆದಳು. “ಅಕ್ಕಾ, ಬಂದೋರು ಎರಡು ಮನೆಗೂ ಸೇರಿಸಿ ಮಾತಾಡ್ತಾರೆ, ನಮಗೂ ಮರ್ಯಾದೆ ಇದೆಯಲ್ಲ,” ಎಂದಳು. ಆರು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ‘ಅಕ್ಕಾ’ ಕೇಳಿ ನಾನು, ಮಂಕುದಿಣ್ಣೆ, ಕರಗಿಹೋದೆ. ಕಿಟಕಿ ಗಾಜು ಒರೆಸಿದೆ. ಮೇಜಿನ ಬಟ್ಟೆ ಇಸ್ತ್ರಿ ಮಾಡಿದೆ. ಇವನಿಗೆ ಒಗೆದ ಬಿಳಿ ಶರಟು ತೆಗೆದುಕೊಟ್ಟೆ. ಅವನೂ ಬೇಲಿಯ ಗೂಟ ನೆಟ್ಟಗೆ ಮಾಡಿದ, ಸೌದೆಯನ್ನು ಮತ್ತೊಮ್ಮೆ ಒಟ್ಟಿದ. ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳದಲ್ಲಿ ನೆಲಕ್ಕೆ ಬಿದ್ದದ್ದನ್ನು ಎತ್ತಿ ತಿನ್ನಬಹುದಿತ್ತು. ಅದೆಲ್ಲದರ ಆಚೆ, ತೊಳೆದ ಮುಖಕ್ಕೆ ಮೆತ್ತಿದ ಮಸಿಯ ಹಾಗೆ, ದಂಡೆ ಹೊಲ ನಿಂತಿತ್ತು.

ಅಂಗಳ ಇಷ್ಟು ಥಳಥಳ ಅನ್ನುವಂತೆ ಮಾಡಿದ್ದು ಆ ಹೊಲ ಕಣ್ಣಿಗೆ ಚುಚ್ಚಲಿ ಅಂತಲೇ ಎಂಬುದು ನನಗೆ ಹೊಳೆಯಲೇ ಇಲ್ಲ. ಹೊಳೆಯುವ ಹೊತ್ತಿಗೆ ಶೆಡ್ಡಿನ ಕಡೆಯಿಂದ ಟ್ರ್ಯಾಕ್ಟರ್ ಸದ್ದು ಕೇಳಿತು. ಶೆಡ್ ಗುಡಿಸುವ ನೆಪದಲ್ಲಿ ಅವಳು ಟ್ರ್ಯಾಕ್ಟರಿಗೆ ಕಟ್ಟಿ ಹುಲ್ಲು ಕೊಯ್ಯುವ ಮೆಷಿನ್ನನ್ನು ಹೊರಗೆ ತಂದು, ಒರೆಸಿ, ಅವನ ಕಣ್ಣೆದುರಿಗೇ ಇಟ್ಟಿದ್ದಳು. ಇಟ್ಟು, “ಆ ಮೇಡಂ ಎದೆಯುದ್ದ ಮುಳ್ಳಲ್ಲಿ ಹೇಗೆ ನಡೀತಾರೋ ಪಾಪ,” ಅಂದಿದ್ದಳು. ಅಷ್ಟೇ ಅಂದಳಂತೆ. ಆಮೇಲೆ ಇವನೇ ಹೇಳಿದ.

ನಾನು ಇಸ್ತ್ರಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಓಡಿದೆ. ಆಗಲೇ ರಸ್ತೆ ಕಡೆಯ ಅಂಚಿನಲ್ಲಿ ಒಂದು ಸಾಲು ಬಿದ್ದಿತ್ತು.

“ಏನ್ರೀ ಮಾಡ್ತಿದ್ದೀರಾ! ಕೊಯ್ಯೋ ಹಾಗಿಲ್ಲ! ನಿಲ್ಸಿ!”

“ಬರೀ ಅಂಚು ಕಣೇ!” ಎಂದು ಮೇಲಿಂದಲೇ ಕೂಗಿದ. “ಅವರಿಗೆ ನಡೆಯೋಕೆ ದಾರಿ!”

ಅಂಚಿನಲ್ಲೇ ಬಿಟ್ಟಿದ್ದರೆ ಅವನು ಗೆರೆಯಣ್ಣ ಹೇಗಾದಾನು? ಮುಳ್ಳಿನ ಬುಡಕ್ಕೆ ತಾಗಿ ಮೆಷಿನ್ ಎಗರಿ ಮೊದಲ ಸಾಲು ಒಂದು ಕಡೆ ಸೊಟ್ಟಗಾಗಿತ್ತು. ಅದನ್ನು ನೆಟ್ಟಗೆ ಮಾಡಲು ಎರಡನೆಯ ಸಾಲು ಹೊಡೆದ. ಎರಡನೆಯದರ ಪಕ್ಕ ಒಂದು ಗೊಂಚಲು ಕಳೆ ಉಳಿಯಿತು, ಅದಕ್ಕೆ ಮೂರನೆಯದು. ಅಷ್ಟರಲ್ಲಿ ಅವನ ಕಣ್ಣು ಆ ತುದಿಯ ಕಂಬಕ್ಕೆ ನೆಟ್ಟಾಗಿತ್ತು. ನಾನು ಪಕ್ಕದಲ್ಲಿ ಓಡಿದೆ, ಗಂಟಲು ಹರಿಯುವಂತೆ ಕಿರುಚಿದೆ, ಹೆಂಟೆ ಎತ್ತಿ ಟ್ರ್ಯಾಕ್ಟರಿಗೆ ಹೊಡೆದೆ. ಯಾವುದೋ ಕಂದು ಹಕ್ಕಿ ಚಕ್ರದ ಮುಂದಿನಿಂದ ಚೀರುತ್ತ ಮೇಲೆದ್ದು, ಕೊಯ್ದ ಜಾಗದ ಮೇಲೆಯೇ ಸುತ್ತತೊಡಗಿತು. ಆರು ವರ್ಷ ತಡೆದುಕೊಂಡಿದ್ದೆಲ್ಲ ಅವನ ಮೈಯಿಂದ ಇಳಿದುಹೋಗುತ್ತಿತ್ತು. ಅಷ್ಟು ಸುಖವನ್ನು ನಾನು ಅವನ ಮುಖದಲ್ಲಿ ಮದುವೆಯಾದಂದಿನಿಂದ ಕಂಡಿಲ್ಲ.

ವಾರಗಿತ್ತಿ ಅಂಗಳದ ಗೋಡೆಗೆ ಒರಗಿ ಕೈಕಟ್ಟಿ ನಿಂತಿದ್ದಳು. ನಗಲಿಲ್ಲ. ನಕ್ಕಿದ್ದರೆ ಅಲ್ಲೇ ಜುಟ್ಟು ಹಿಡಿಯುತ್ತಿದ್ದೆ.

ಮೇಡಂ ಬಂದಾಗ ಹೊಲ ನೆಲ ಒರೆಸಿದ ಹಾಗಿತ್ತು. ಉದ್ದುದ್ದ ಸಾಲುಗಳು, ಒಂದಕ್ಕೊಂದು ತಪ್ಪದೆ. ಇನ್ನೂ ಚಿಕ್ಕ ಪ್ರಾಯದ ಹೆಂಗಸು. ಮುಳ್ಳಿಗೆಂದು ಮೊಣಕಾಲುದ್ದದ ಬೂಟು ಹಾಕಿಕೊಂಡು ಬಂದಿದ್ದಳು. ಬೂಟಿನ ಕೆಲಸವೇ ಇರಲಿಲ್ಲ. ಹೊಲದ ಅಂಚಿಗೆ ಬಂದು ನಿಂತು ಸಾಲುಗಳನ್ನು ಈ ತುದಿಯಿಂದ ಆ ತುದಿಗೆ ನೋಡಿದಳು. ಇವನು ಇಸ್ತ್ರಿ ಶರಟಿನ ತೋಳು ಸರಿಮಾಡಿಕೊಂಡು, ಹೊಗಳಿಕೆಗೆ ಕಾದವನ ಹಾಗೆ ಪಕ್ಕದಲ್ಲಿ ನಿಂತ.

“ಯಾರು ಕೊಯ್ದಿದ್ದು?”

“ನಾನೇ ಮೇಡಂ. ನೀವು ಬರ್ತೀರಿ ಅಂತ.”

“ನಾನು ಬರೋದೇ ನೀವು ಕೊಯ್ದಿಲ್ಲ ಅಂತ ನೋಡೋಕೆ ಅಲ್ವಾ?” ಎಂದಳು. ಗದರಿಸಲಿಲ್ಲ. ಸುಸ್ತಾದವಳ ಹಾಗೆ ಹೇಳಿದಳು. ಗದರಿಸಿದ್ದರೆ ನಮಗೂ ತಿರುಗಿ ಒಂದು ಮಾತಾಡಲು ಜಾಗ ಇರುತ್ತಿತ್ತು.

ಆಮೇಲೆ ಒಂದೊಂದಾಗಿ ಹೇಳಿದಳು. ಒಪ್ಪಂದ ಮುರಿಯಿತು. ಸಬ್ಸಿಡಿ ಇಲ್ಲಿಗೆ ನಿಲ್ಲುತ್ತದೆ. ಈವರೆಗೆ ಕೊಟ್ಟದ್ದನ್ನೂ ವಾಪಸು ಕಟ್ಟಬೇಕಾಗುತ್ತದೆ. ಇವನ ಮುಖ ಶರಟಿಗಿಂತ ಬೆಳ್ಳಗಾಯಿತು. ಆಗ ವಾರಗಿತ್ತಿ ಗೋಡೆ ಬಿಟ್ಟು ಹತ್ತಿರ ಬಂದಳು. ಎಂದೂ ಮೆತ್ತಗೆ ಮಾತಾಡದವಳು ಮೆತ್ತಗೆ ಕೇಳಿದಳು:

“ಒಪ್ಪಂದ ಮುರೀತು ಅಂದ್ರೆ ಇನ್ನು ಹೊಲ ಉಳಬಹುದು ತಾನೆ ಮೇಡಂ? ತರಕಾರಿ ಹಾಕಬಹುದು ತಾನೆ?”

“ಇಲ್ಲಮ್ಮ.”

“ಯಾಕೆ?”

“ಐದು ವರ್ಷಕ್ಕಿಂತ ಜಾಸ್ತಿ ಹುಲ್ಲಿದ್ದ ನೆಲ ಹುಲ್ಲುಗಾವಲು ಅಂತ ಲೆಕ್ಕ. ಅದಕ್ಕೆ ನೇಗಿಲು ಇಳಿಸೋ ಹಾಗಿಲ್ಲ. ಒಪ್ಪಂದ ಪೂರ್ತಿ ಮುಗಿಸಿದ ಹೊಲಕ್ಕೆ ಮಾತ್ರ ಈ ನಿಯಮದಿಂದ ವಿನಾಯಿತಿ ಇರುತ್ತೆ. ಈಗ ಒಪ್ಪಂದ ಇಲ್ಲ, ವಿನಾಯಿತಿನೂ ಇಲ್ಲ.”

“ಎಷ್ಟು ದಿನ ಉಳೋ ಹಾಗಿಲ್ಲ?”

“ಇಷ್ಟು ದಿನ ಅಂತ ಇಲ್ಲ. ಇನ್ನು ಮೇಲೆ ಇದು ಹುಲ್ಲುಗಾವಲೇ.” ಮೇಡಂ ಕೊಯ್ದ ಸಾಲುಗಳ ಕಡೆ ಮತ್ತೊಮ್ಮೆ ನೋಡಿದಳು. “ಇನ್ನೊಂದು ವರ್ಷ ಹಾಗೇ ಬಿಟ್ಟು ಒಪ್ಪಂದ ಮುಗಿಸಿದ್ರೆ ಮಾರನೇ ದಿನಾನೇ ಉಳಬಹುದಿತ್ತು.”

ನಾನು ಇಸ್ತ್ರಿ ಮಾಡಿ ಹಾಸಿದ್ದ ಮೇಜಿನ ಬಟ್ಟೆಯ ಕಡೆ ಅವಳು ಬರಲೇ ಇಲ್ಲ. ಟೀ ಬೇಡ ಎಂದು ಕಾರು ಹತ್ತಿ ಹೋದಳು.

ನಾವು ಮೂವರೇ ಉಳಿದೆವು. ಕೊಯ್ದ ಹುಲ್ಲಿನ ಹಸಿ ವಾಸನೆ ಮೂಗಿಗೆ ಅಡರುತ್ತಿತ್ತು. ವಾರಗಿತ್ತಿ ಕೆಳಗೆ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಬೆರಳಲ್ಲಿ ಪುಡಿ ಮಾಡಿದಳು. ಮಣ್ಣು ಪುಡಿಪುಡಿಯಾಗಿ ಉದುರಿತು. ಒಳ್ಳೆಯ ಮಣ್ಣಾಗಿತ್ತು. ಎದ್ದು ನಿಂತು ಅಂದಳು:

“ಪರವಾಗಿಲ್ಲ ಬಿಡಿ. ನಂಗೆ ಸಿಗದಿದ್ರೂ ನಿಮಗೂ ಸಿಗಲಿಲ್ವಲ್ಲ. ಅಷ್ಟು ಸಾಕು.”

ನನ್ನ ಮೈಯೆಲ್ಲ ಉರಿದುಹೋಯಿತು. ಇವಳಿಗೆ ಎಲ್ಲಿ ಮುಟ್ಟಿದರೆ ನೋವಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅಂಥದೊಂದು ಮಾತು ಕೈಯಲ್ಲಿರುವಾಗ ಯಾಕೆ ಬಿಡಲಿ?

“ಏನೇ ಸಾಕು? ಬರೋ ವರ್ಷ ಒಪ್ಪಂದ ಮುಗಿದ ಕೂಡ್ಲೇ ಈ ಹೊಲ ನಿಂಗೇ ಬಿಡೋದು ಅಂತಿದ್ರು ಇವರು. ನಿಂಗೇ! ಇನ್ನೊಂದು ವರ್ಷ ಬಾಯಿ ಮುಚ್ಕೊಂಡು ಇದ್ದಿದ್ರೆ ಕ್ಯಾರೆಟ್ ಬಿತ್ತಬಹುದಿತ್ತು. ನಿನ್ನ ಅನ್ನಕ್ಕೆ ನೀನೇ ಕಲ್ಲು ಹಾಕ್ಕೊಂಡೆ, ತಿನ್ನು ಈಗ!”

ಮಾತು ನಾಟಬೇಕಾದಲ್ಲೇ ನಾಟಿತು. ಅವಳ ಮುಖದ ಗಟ್ಟಿತನ ಹೋಯಿತು. ನನಗೆ ಹೊಟ್ಟೆ ತಣ್ಣಗಾಯಿತು. ಆ ತಂಪು ಎಷ್ಟು ಹೊತ್ತು ಇತ್ತು ಎಂದರೆ, ಅವಳು ಭಾವನ ಕಡೆ ತಿರುಗುವಷ್ಟು ಹೊತ್ತು.

“ಹೌದಾ ಭಾವ?”

“ಹೂಂ.”

“ಯಾವಾಗಿಂದ ಅಂದ್ಕೊಂಡಿದ್ರಿ?”

“ಹೋದ ವರ್ಷದಿಂದ.”

“ಹೋದ ವರ್ಷನೇ ಒಂದು ಮಾತು ಹೇಳಿದ್ರೆ ನಾನು ಯಾಕೆ ಹೀಗೆ ಮಾಡ್ತಿದ್ದೆ ಭಾವ? ಆ ಮುಳ್ಳಿಗೆ ನಾನೇ ಕಾವಲು ಕೂರ್ತಿದ್ದೆ. ಯಾಕೆ ಹೇಳಲಿಲ್ಲ?”

ಅವನು ತಿರುಗಿ ನನ್ನನ್ನು ನೋಡಿದ. ಆ ತುದಿಯ ಕಂಬ ನೋಡುವ ಹಾಗೆ, ಆಚೀಚೆ ಸರಿಯದೆ ನೆಟ್ಟಗೆ ನೋಡಿದ. ಅವನ ದೃಷ್ಟಿಯ ಹಿಂದೆಯೇ ಅವಳ ದೃಷ್ಟಿಯೂ ಬಂತು.

“ಗೊತ್ತಾಯ್ತು ಅಕ್ಕಾ,” ಎಂದಳು. ಕೂಗಲಿಲ್ಲ, ಶಾಪ ಹಾಕಲಿಲ್ಲ. ಕೂಗಿದ್ದರೆ ನಾನೂ ಕೂಗುತ್ತಿದ್ದೆ, ಆಗ ಎಂದಿನಂತೆ ಮುಗಿದುಹೋಗುತ್ತಿತ್ತು. ಕೈಯ ಮಣ್ಣನ್ನು ತಾನೇ ಉಜ್ಜಿ ಬೆಳಗಿದ್ದ ಕಲ್ಲುಹಾಸಿನ ಮೇಲೆ ಕೊಡವಿ ತನ್ನ ಬಾಗಿಲೊಳಗೆ ಹೋದಳು.

ಈಗ ಆ ಹೊಲ ಹುಲ್ಲುಗಾವಲು. ಕೊಯ್ದರೆ ಕೇಳುವವರಿಲ್ಲ, ಬಿಟ್ಟರೆ ಕೊಡುವವರಿಲ್ಲ. ಗೆರೆಯಣ್ಣ ವಾರಕ್ಕೊಮ್ಮೆ ಟ್ರ್ಯಾಕ್ಟರ್ ಹತ್ತಿ ಅದನ್ನು ಕೊಯ್ಯುತ್ತಾನೆ. ಹಾದಿಯಲ್ಲಿ ಹೋಗುವವರೆಲ್ಲ ನಿಂತು, ಎಷ್ಟು ನೀಟಾಗಿದೆ ಎಂದು ಹೊಗಳುತ್ತಾರೆ. ಹಾಲಿನ ವ್ಯಾನಿನವನೂ ಹೊಗಳಿದ. ಸಬ್ಸಿಡಿ ವಾಪಸು ಕಟ್ಟಲು ಟ್ರ್ಯಾಕ್ಟರ್ ಮಾರಬೇಕಾಗುತ್ತದೆಯೋ ಏನೋ, ಅಲ್ಲಿಯ ತನಕ ಕೊಯ್ಯಲಿ ಎಂದು ನಾನು ಸುಮ್ಮನಿದ್ದೇನೆ. ಅವನು ನನ್ನ ಹತ್ತಿರ ಉಪ್ಪು, ಸಾರು, ಬಟ್ಟೆ ಎಂದಷ್ಟೇ ಮಾತಾಡುತ್ತಾನೆ. ಸೊಟ್ಟಗೆ ಹರವಿದ ಟವೆಲ್ಲನ್ನು ನೆಟ್ಟಗೆ ಮಾಡುವುದು ಬಿಟ್ಟಿದ್ದಾನೆ.

ವಾರಗಿತ್ತಿ ಶೀತಲಗೃಹಕ್ಕೆ ಹೋಗುತ್ತಲೇ ಇದ್ದಾಳೆ. ಪ್ರತಿ ಶನಿವಾರ ವ್ಯಾನ್ ಇಳಿದು ನೇರ ನಮ್ಮ ಬಾಗಿಲಿಗೆ ಬರುತ್ತಾಳೆ. ಒಂದು ಚೀಲ ಕ್ಯಾರೆಟ್ಟನ್ನು ಹೊಸ್ತಿಲ ಮೇಲೆ ಇಡುತ್ತಾಳೆ. ಬೆಲ್ಟಿನಿಂದ ಆರಿಸಿ ಎಸೆದವು, ಒಡೆದವು, ಡೊಂಕಾದವು. “ತಗೊಳ್ಳಿ ಅಕ್ಕಾ,” ಅನ್ನುತ್ತಾಳೆ. ಬೇಡ ಅನ್ನುವ ಬಾಯಿ ನನಗಿಲ್ಲ. ಒಳಗೆ ತಂದು ತೊಳೆಯುತ್ತೇನೆ, ಹೆಚ್ಚುತ್ತೇನೆ, ಬೇಯಿಸಿ ಅವನ ತಟ್ಟೆಗೆ ಹಾಕುತ್ತೇನೆ. ಅವನು ಒಂದು ತುತ್ತು ಬಾಯಿಗಿಟ್ಟು, ನಮ್ಮ ಹೊಲದ್ದರ ಹಾಗಿಲ್ಲ ಅನ್ನುತ್ತಾನೆ. ಮುಂದಿನ ಶನಿವಾರ ಚೀಲ ಮತ್ತೆ ಬರುತ್ತದೆ.